ಡ್ರಿಪ್ ಬಾಟಲಿಯೊಳಗೆ ಬೂಷ್ಟಿನ ಗುರುತು

ಐಸಿಯುನಲ್ಲಿರುವ ರೋಗಿಯ ರಕ್ತದಲ್ಲಿ ಗ್ಯಾಲಕ್ಟೋಮ್ಯಾನನ್ ಪಾಸಿಟಿವ್. ಹಾಗಾದರೆ ಶ್ವಾಸಕೋಶಕ್ಕೆ ಆಸ್ಪರ್ಜಿಲ್ಲಸ್ ಶಿಲೀಂಧ್ರ ಹೊಕ್ಕಿದೆಯೇ? ಮೊದಲು, ಮೇಲೆ ತೂಗುತ್ತಿರುವ ಡ್ರಿಪ್ ಬಾಟಲಿಯ ಲೇಬಲ್ ಓದಬೇಕು.

ಗ್ಯಾಲಕ್ಟೋಮ್ಯಾನನ್ ಈ ಬೂಷ್ಟಿನ ಕೋಶಗೋಡೆಯಲ್ಲಿರುವ ಸಕ್ಕರೆಯ ಸರಪಳಿ. ಕೆಲವು ಡ್ರಿಪ್‌ಗಳಲ್ಲಿ ಸೋಡಿಯಂ ಗ್ಲುಕೋನೇಟ್ ಇರುತ್ತದೆ. ಅದನ್ನು ಹೆಚ್ಚಾಗಿ ಗ್ಲೂಕೋಸ್ ಹುದುಗಿಸಿ ತಯಾರಿಸುತ್ತಾರೆ. ಹುದುಗಿಸುವುದು ಯಾರು ಗೊತ್ತೇ? ಆಸ್ಪರ್ಜಿಲ್ಲಸ್ ನೈಗರ್, ಅದೇ ಕುಲದ ಕಪ್ಪು ಬೂಷ್ಟು! ಶುದ್ಧೀಕರಿಸಿದ ಮೇಲೂ ಅದರ ಸಕ್ಕರೆ ಒಂದಿಷ್ಟು ಉಳಿದುಬಿಡಬಹುದು. ಅದು ಜೀವಂತ ಶಿಲೀಂಧ್ರವಲ್ಲ, ಸೋಂಕು ತರುವುದಿಲ್ಲ. ಆದರೆ ಸೂಚ್ಯಂಕ 0.5 ಮುಟ್ಟಿದರೆ ಸಾಮಾನ್ಯವಾಗಿ ಪಾಸಿಟಿವ್ ಎನ್ನುವ ಪರೀಕ್ಷೆಗೆ ಅಷ್ಟು ಸಾಕು.

ಆಸ್ಪರ್ಜಿಲ್ಲಸ್ ಸೋಂಕಿಗೆ ಕೊಡುವ ವೊರಿಕೊನಜೋಲ್‌ನಂಥ ಔಷಧ ಯಕೃತ್ತಿಗೆ ಪೆಟ್ಟು ಕೊಡಬಲ್ಲದು, ಸುಮ್ಮನೆ ಕೊಡುವಂಥದ್ದಲ್ಲ. ಹಾಗೆಂದು ವರದಿಯನ್ನು ಬದಿಗಿಡುವಂತೆಯೂ ಇಲ್ಲ. ನಿಜವಾದ ಸೋಂಕು ಜೀವ ತೆಗೆಯಬಲ್ಲದು. ಡ್ರಿಪ್ ಬದಲಿಸಿ, ಮತ್ತೆ ರಕ್ತ ಪರೀಕ್ಷಿಸಿ, ಎದೆಯ ಸಿ.ಟಿ. ಸ್ಕ್ಯಾನ್ ಜೊತೆಗಿಟ್ಟು ನೋಡಬೇಕು.