ಲ್ಯಾಬಿನ ಬೀಗ, ಮಕ್ಕಳ ಆಟ

ಶಾಲೆಯ ಕಂಪ್ಯೂಟರಿನಲ್ಲಿ ಆಟಗಳನ್ನು ತಡೆಯುವುದು ಮೂಲತಃ ಹಂಚಿಕೆಯ ಪ್ರಶ್ನೆ. ಯಂತ್ರಗಳು ಕೆಲವೇ, ಸರದಿ ಕಾಯುವ ಮಕ್ಕಳು ಹಲವರು, ಪೀರಿಯಡ್ಡು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಆ ಮುಕ್ಕಾಲು ಗಂಟೆಯೂ ಪೂರ್ತಿ ಸಿಗುವ ಖಾತ್ರಿ ಇಲ್ಲ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಮರ ಬಿದ್ದು ಲೈನ್ ತುಂಡಾಗುತ್ತದೆ. ಯುಪಿಎಸ್ ಎಳೆದಷ್ಟು ಹೊತ್ತು ಮಾತ್ರ ಪಾಠ. ಇಂಥಲ್ಲಿ ಒಬ್ಬ ಗೇಮ್ ತೆರೆದು ಕೂತರೆ ಪಕ್ಕದವರ ಸರದಿ ಹೋಗುತ್ತದೆ. ಅದರಲ್ಲೂ ಮೌಸ್ ಕೇಳಲು ಸಂಕೋಚಪಡುವ ಮಗುವಿಗೆ ಇಡೀ ವರ್ಷ ಪರದೆ ನೋಡುವುದಷ್ಟೇ ಉಳಿಯಬಹುದು. ಪೆನ್‌ಡ್ರೈವ್ ಹಿಡಿದು ಬರುವ ವೈರಸ್ಸಿನದು ಇನ್ನೊಂದು ಕಾಟ. ಒಂದು ಯಂತ್ರ ಕೆಟ್ಟರೆ ರಿಪೇರಿಗೆ ಘಟ್ಟದ ದಾರಿಯಲ್ಲಿ ಯಾರಾದರೂ ಬರುವವರೆಗೆ ಅದು ಮುಸುಕು ಹೊದ್ದು ಕೂರುತ್ತದೆ.

ಭಾರತದ ಶಾಲೆಗಳಲ್ಲಿ ಕಂಪ್ಯೂಟರ್ ಶಿಕ್ಷಣ ದೊಡ್ಡ ಮಟ್ಟದಲ್ಲಿ ಶುರುವಾದದ್ದು 1984-85ರ ‘ಕ್ಲಾಸ್’ ಯೋಜನೆಯಲ್ಲಿ, ಬ್ರಿಟನ್ನಿನ ಬಿಬಿಸಿ ಮೈಕ್ರೋ ಯಂತ್ರಗಳಿಂದ. ಸರ್ಕಾರಿ ಪ್ರೌಢಶಾಲೆಗಳಿಗೆ ಲ್ಯಾಬ್ ಒದಗಿಸಲು ಕೇಂದ್ರ ಸರ್ಕಾರ ‘ಐಸಿಟಿ ಅಟ್ ಸ್ಕೂಲ್ಸ್’ ಯೋಜನೆ ತಂದದ್ದು 2004ರ ಡಿಸೆಂಬರಿನಲ್ಲಿ. ಆ ಕಾಲದ ವಿಂಡೋಸ್ ಎಕ್ಸ್‌ಪಿ ಜೊತೆಗೇ ಸಾಲಿಟೇರ್, ಮೈನ್‌ಸ್ವೀಪರ್, ಫ್ರೀಸೆಲ್, ಪಿನ್‌ಬಾಲ್ ಇದ್ದವು. ಯಾರೂ ಹೊರಗಿನಿಂದ ತರಬೇಕಿರಲಿಲ್ಲ. ಇಸ್ಪೀಟಿನ ಸಾಲಿಟೇರ್ ಬಂದದ್ದು 1990ರ ವಿಂಡೋಸ್ 3.0ರಲ್ಲಿ, ಮೌಸ್ ಎಂಬ ವಸ್ತುವೇ ಬಹಳ ಜನಕ್ಕೆ ಹೊಸತಾಗಿದ್ದಾಗ. ಎಲೆಯನ್ನು ಒತ್ತಿ ಹಿಡಿದು ಎಳೆದು ಇನ್ನೊಂದರ ಮೇಲೆ ಬಿಡುವುದೇ ಕೈಗೆ ಅಭ್ಯಾಸವಾಯಿತು. ಮೈನ್‌ಸ್ವೀಪರ್‌ನಲ್ಲಿ ಎಡ ಮತ್ತು ಬಲ ಗುಂಡಿಗಳ ವ್ಯತ್ಯಾಸ ತಿಳಿಯದೆ ಒಂದು ಹೆಜ್ಜೆಯೂ ನಡೆಯದು. ಮೊದಲ ಬಾರಿ ಮೌಸ್ ಹಿಡಿದ ಮಗುವಿಗೆ ಇವು ಒಳ್ಳೆಯ ಪಾಠಗಳೇ ಆಗಿದ್ದವೆಂದು ಧೈರ್ಯವಾಗಿ ಹೇಳಬಹುದು. 2012ರ ವಿಂಡೋಸ್ 8ರಲ್ಲಿ ಈ ಹಳೆಯ ಆಟಗಳನ್ನು ಮೊದಲೇ ಹಾಕಿಕೊಡುವುದು ನಿಂತಿತು.

ಲ್ಯಾಬಿನ ಬೀಗ ಒಂದೇ ಅಲ್ಲ, ಪದರ ಪದರವಾಗಿರುತ್ತದೆ. ಮೊದಲನೆಯದು ಖಾತೆ. ಶಿಕ್ಷಕರದು ಅಡ್ಮಿನ್ ಖಾತೆ, ಮಕ್ಕಳದು ಸಾಮಾನ್ಯ ಖಾತೆ. ಹೊಸ ತಂತ್ರಾಂಶ ಹಾಕಲು ಹೋದರೆ ಪಾಸ್‌ವರ್ಡ್ ಕೇಳುತ್ತದೆ. ಇನ್‌ಸ್ಟಾಲ್ ಮಾಡದೆಯೇ ಓಡುವ ಪುಟ್ಟ ಆಟಗಳನ್ನು ಪೆನ್‌ಡ್ರೈವ್‌ನಲ್ಲಿ ತಂದು, ಫೈಲಿನ ಹೆಸರು ಬದಲಿಸಿ ತೆರೆಯುವುದು ಮಕ್ಕಳ ಹಳೆಯ ಉಪಾಯ. ಹೆಸರಿನ ಪಟ್ಟಿ ನೋಡಿ ತಡೆಯುವ ಕಡೆ ಅದು ನಡೆದೀತು. ಅನುಮತಿ ಕೊಟ್ಟ ತಂತ್ರಾಂಶ ಬಿಟ್ಟು ಬೇರೇನೂ ಓಡಬಾರದೆಂದು ವಿಂಡೋಸ್‌ನ ಆಪ್‌ಲಾಕರ್‌ನಲ್ಲಿ ನಿಯಮ ಹಾಕಿದ್ದರೆ ಹೆಸರು ಬದಲಿಸಿ ಪ್ರಯೋಜನವಿಲ್ಲ. ಡೀಪ್ ಫ್ರೀಜ್ ಎಂಬ ತಂತ್ರಾಂಶದ ರೀತಿಯೇ ಬೇರೆ. ಅದು ಏನನ್ನೂ ತಡೆಯಲು ಹೋಗುವುದಿಲ್ಲ. ಹಾಕಿದ್ದು, ಅಳಿಸಿದ್ದು, ಬದಲಿಸಿದ್ದು ಎಲ್ಲವೂ ಯಂತ್ರ ಮತ್ತೆ ಶುರುವಾದ ಕೂಡಲೇ ಮಾಯವಾಗಿ, ಮೊದಲಿದ್ದ ಸ್ಥಿತಿ ಮರಳುತ್ತದೆ. ಮಕ್ಕಳು ಹೆದರದೆ ಒತ್ತಿ ನೋಡಿ ಕಲಿಯಬೇಕಾದ ಜಾಗಕ್ಕೆ ಇದು ಹೆಚ್ಚು ಒಗ್ಗುವ ವ್ಯವಸ್ಥೆ. ಉಳಿಸಬೇಕಾದ ಕೆಲಸವನ್ನು ಮಾತ್ರ ಬೇರೆ ಡ್ರೈವಿನಲ್ಲಿ ಇಡಬೇಕು.

ಇಂಟರ್‌ನೆಟ್ ಕಡೆಯ ತಡೆ ಇನ್ನಷ್ಟು ಸೂಕ್ಷ್ಮ. ಫಿಲ್ಟರ್‌ಗಳು ಜಾಲತಾಣಗಳನ್ನು ಗೇಮ್, ಜೂಜು, ಸುದ್ದಿ, ಶಿಕ್ಷಣ ಎಂದು ವರ್ಗ ಮಾಡಿಟ್ಟುಕೊಂಡು ಬೇಡದ ವರ್ಗವನ್ನು ಮುಚ್ಚುತ್ತವೆ. ಈಗಿನ ತಾಣಗಳಲ್ಲಿ ಮಾಹಿತಿ ಗೂಢಲಿಪಿಯಲ್ಲಿ ಓಡಾಡುವುದರಿಂದ, ಮಗು ಯಾವ ತಾಣಕ್ಕೆ ಹೋಯಿತೆಂಬುದು ಸಾಮಾನ್ಯ ಫಿಲ್ಟರಿಗೆ ಗೊತ್ತಾಗುತ್ತದೆ. ಅಲ್ಲಿ ಯಾವ ಪುಟ ತೆರೆಯಿತೆಂಬುದು ಗೊತ್ತಾಗುವುದಿಲ್ಲ. ಲಕೋಟೆಯ ಮೇಲಿನ ವಿಳಾಸ ಓದಬಲ್ಲ ಅಂಚೆಯವನಿಗೆ ಒಳಗಿನ ಕಾಗದ ಕಾಣದ ಹಾಗೆ. ಗೂಗಲ್ ಸೈಟ್ಸ್‌ನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ಪುಟ ಕಟ್ಟಬಹುದು, ಶಾಲೆಗಳು ಅದನ್ನು ಪಾಠಕ್ಕೂ ಬಳಸುತ್ತವೆ. ಹಾಗಾಗಿ ಜಗತ್ತಿನ ಎಷ್ಟೋ ಕಡೆ ‘ಅನ್‌ಬ್ಲಾಕ್ಡ್ ಗೇಮ್ಸ್’ ಪುಟಗಳು ಅಲ್ಲಿಯೇ ನೆಲೆ ಹೂಡಿದವು. ತಾಣವನ್ನೇ ಮುಚ್ಚಿದರೆ ಪಾಠವೂ ಹೋಗುತ್ತದೆ, ತೆರೆದರೆ ಆಟವೂ ಬರುತ್ತದೆ.

ತಡೆ ದಾಟಿಸುವುದಾಗಿ ಹೇಳುವ ಬಿಟ್ಟಿ ಪ್ರಾಕ್ಸಿ ತಾಣಗಳ ವಿಷಯದಲ್ಲಿ ಮಾತ್ರ ಮಕ್ಕಳನ್ನು ಗಟ್ಟಿಯಾಗಿ ಎಚ್ಚರಿಸಲೇಬೇಕು. ಅಂಥ ತಾಣದ ಮೂಲಕ ಹೋದರೆ ಟೈಪ್ ಮಾಡಿದ್ದೆಲ್ಲ, ಪಾಸ್‌ವರ್ಡ್ ಸಹಿತ, ಅದನ್ನು ನಡೆಸುವವರ ಕೈಗೆ ಸಿಗಬಹುದು. ‘ಡೌನ್‌ಲೋಡ್’ ಎಂಬ ಸುಳ್ಳು ಗುಂಡಿಗಳು, ಹಣ ಕಟ್ಟಿ ಆಡುವ ಆಟಗಳ ಜಾಹೀರಾತುಗಳು ಇಂಥ ಪುಟಗಳಲ್ಲಿ ಧಾರಾಳ. ಬ್ರೌಸರಿನ ಆಟಗಳ ಒಂದು ದೊಡ್ಡ ರಾಶಿ ಯಾರೂ ತಡೆಯದೆಯೇ ನಿಂತದ್ದೂ ಉಂಟು: ಅಡೋಬಿ ಕಂಪನಿ 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ತಂತ್ರಾಂಶದ ಬೆಂಬಲ ನಿಲ್ಲಿಸಿದಾಗ, ಅದನ್ನೇ ನಂಬಿದ್ದ ಸಾವಿರಾರು ಆಟಗಳು ಬ್ರೌಸರಿನಲ್ಲಿ ತೆರೆಯದಾದವು.

ಯಾವ ಫಿಲ್ಟರಿಗೂ ಸಿಗದ, ಮಲೆನಾಡಿಗೆ ಹೇಳಿ ಮಾಡಿಸಿದಂಥ ಆಟ ಒಂದಿದೆ. ಕ್ರೋಮ್ ಬ್ರೌಸರಿನಲ್ಲಿ ನೆಟ್ ಹೋದಾಗ ಪರದೆಯ ಮೇಲೆ ಪುಟ್ಟ ಡೈನೋಸಾರ್ ನಿಲ್ಲುತ್ತದೆ. ಸ್ಪೇಸ್ ಬಾರ್ ಒತ್ತಿದರೆ ಓಡಲು ತೊಡಗುತ್ತದೆ. ಕಳ್ಳಿಗಿಡಗಳನ್ನು ಹಾರಿ, ತೂರಿ ಬರುವ ಹಕ್ಕಿಗಳಿಗೆ ತಲೆ ತಗ್ಗಿಸಿ ಸಾಗಬೇಕು, ಹೋದಂತೆ ವೇಗ ಹೆಚ್ಚುತ್ತದೆ. 2014ರಲ್ಲಿ ಬಂದ ಈ ಆಟವನ್ನು ತಿಂಗಳಿಗೆ 27 ಕೋಟಿ ಬಾರಿ ಆಡಲಾಗುತ್ತಿದೆ ಎಂದು ಗೂಗಲ್ 2018ರಲ್ಲಿ ಹೇಳಿತ್ತು. ಆಟ ಬ್ರೌಸರಿನೊಳಗೇ ಇರುವುದರಿಂದ ಇಂಟರ್‌ನೆಟ್ಟಿನ ಫಿಲ್ಟರ್ ಇದನ್ನು ಮುಟ್ಟಲಾರದು. ಮಳೆಗೆ ನೆಟ್ ಹೋಗಿ ಪಾಠ ನಿಂತಾಗಲೇ ಇದು ಪ್ರತ್ಯಕ್ಷ. ನೆಟ್ ಇದ್ದಾಗ ಬೇಕೆಂದೇ ಕೇಬಲ್ ಕೀಳುವ ಮಕ್ಕಳೂ ಇಲ್ಲದಿಲ್ಲ. ಬೇಡವೆನ್ನುವ ಸಂಸ್ಥೆಗಳಿಗಾಗಿ ಈ ಆಟವನ್ನು ಮುಚ್ಚಿಡುವ ಸೌಲಭ್ಯವನ್ನು ಗೂಗಲ್ ಅಡ್ಮಿನ್‌ಗಳಿಗೆ ಕೊಟ್ಟಿದೆ. ಆದರೂ ನೆಟ್ ಬರುವವರೆಗೆ ನಾಲ್ಕು ಸಲ ಡೈನೋಸಾರ್ ಓಡಿಸಿದ್ದರಿಂದ ಯಾರ ಓದೂ ಹಾಳಾಗುವುದಿಲ್ಲ.

ಆಟವನ್ನೇ ಪಾಠದೊಳಗೆ ಕರೆದುಕೊಂಡ ದಾರಿಯೂ ಇದೆ. ಕೇರಳದ ಸರ್ಕಾರಿ ಶಾಲೆಗಳು ಬಹುಕಾಲದಿಂದ ಲಿನಕ್ಸ್ ಆಧಾರಿತ ಸ್ವತಂತ್ರ ತಂತ್ರಾಂಶ ಬಳಸುತ್ತಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದರಲ್ಲೇ ಕಲಿಯುತ್ತಾರೆ. ಅಲ್ಲಿ 2018ರಲ್ಲಿ ಶುರುವಾದ ‘ಲಿಟಲ್ ಕೈಟ್ಸ್’ ಕ್ಲಬ್ಬುಗಳಲ್ಲಿ ಪ್ರೌಢಶಾಲೆಯ ಮಕ್ಕಳಿಗೆ ಅನಿಮೇಷನ್, ಪ್ರೋಗ್ರಾಮಿಂಗ್ ಹೇಳಿಕೊಡುತ್ತಾರೆ. ಕರ್ನಾಟಕದಲ್ಲೂ ಶಿಕ್ಷಕರ ತರಬೇತಿಗಳ ಮೂಲಕ ಉಬುಂಟು ಹಲವು ಲ್ಯಾಬುಗಳಿಗೆ ಬಂದಿದೆ. ಟೈಪಿಂಗ್ ಕಲಿಸುವ ಟಕ್ಸ್ ಟೈಪಿಂಗ್, ಲೆಕ್ಕದ ಟಕ್ಸ್ ಮ್ಯಾಥ್, ಚಿಕ್ಕ ಮಕ್ಕಳ ಜಿಕಾಂಪ್ರಿ ಇವೆಲ್ಲ ಅಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ಬೀಳುವ ಅಕ್ಷರವನ್ನು ನೆಲ ಮುಟ್ಟುವ ಮೊದಲು ಒತ್ತಬೇಕೆಂಬ ಆಟದಲ್ಲಿ ಮಗುವಿನ ಬೆರಳು ಕೀಬೋರ್ಡಿನ ಸ್ಥಾನಗಳನ್ನು ತಾನಾಗಿ ಕಲಿಯುತ್ತದೆ.

ಅದಕ್ಕಿಂತ ದೊಡ್ಡದು ಆಟ ಮಾಡುವ ಕೆಲಸ. ಅಮೆರಿಕದ ಎಂಐಟಿ 2007ರಲ್ಲಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್‌ನಲ್ಲಿ ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಪ್ರೋಗ್ರಾಂ ಆಗುತ್ತದೆ. ಬಾಣದ ಕೀ ಒತ್ತಿದಾಗ ಬೊಂಬೆ ಹತ್ತು ಹೆಜ್ಜೆ ನಡೆಯಲಿ, ಗೋಡೆಗೆ ತಾಗಿದರೆ ಅಂಕ ಕಡಿಮೆಯಾಗಲಿ ಎಂದು ಮಗು ತಾನೇ ನಿಯಮ ಬರೆಯುವಾಗ ಎಕ್ಸ್ ಮತ್ತು ವೈ ಅಕ್ಷ, ಋಣಸಂಖ್ಯೆ, ಷರತ್ತು ಎಲ್ಲವೂ ಬೇಕಾಗುತ್ತವೆ. ಒಂದೇ ಯಂತ್ರದ ಮುಂದೆ ಮೂವರು ಕೂತರೂ ಒಬ್ಬರು ಚಿತ್ರ, ಒಬ್ಬರು ಸದ್ದು, ಒಬ್ಬರು ನಿಯಮ ಎಂದು ಕೆಲಸ ಹಂಚಿಕೊಳ್ಳಬಹುದು. ಸ್ಕ್ರ್ಯಾಚ್‌ಗೆ ನೆಟ್ ಬೇಡದ ಆವೃತ್ತಿಯಿದೆ. ಶಿಕ್ಷಕರು ಸಿಗ್ನಲ್ ಚೆನ್ನಾಗಿರುವ ಕಡೆ ಒಮ್ಮೆ ಇಳಿಸಿಕೊಂಡು, ಪೆನ್‌ಡ್ರೈವ್‌ನಲ್ಲಿ ತಂದು, ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ಎಲ್ಲ ಯಂತ್ರಗಳಿಗೂ ಹಾಕಿದರೆ ಆಮೇಲೆ ಮಳೆಗಾಲದಲ್ಲೂ ನಡೆಯುತ್ತದೆ.