ಬಾಟಲಿಯೊಳಗೇ ಹುಟ್ಟುವ ಗ್ಯಾಸು

ತರೀಕೆರೆ ಸೀಮೆಯಲ್ಲಿ ಶುಂಠಿ ಕೀಳುವ ಕಾಲಕ್ಕೆ ಮಣ್ಣು ಮೆತ್ತಿದ ಹಸಿ ಶುಂಠಿಗೆ ಬರವಿಲ್ಲ. ಕಷಾಯ, ತಂಬುಳಿಗೆ ಹೋಗಿ ಉಳಿದದ್ದರಲ್ಲಿ ಒಳ್ಳೆಯ ಸೋಡಾ ಆಗುತ್ತದೆ. ಗೋಲಿ ಸೋಡಾಕ್ಕೆ ಗ್ಯಾಸು ಬರುವುದು ಸಿಲಿಂಡರಿನಿಂದ. ಇದರ ಗ್ಯಾಸು ಬಾಟಲಿಯೊಳಗೇ ಹುಟ್ಟುತ್ತದೆ. ಬಿಯರನ್ನು ಬಾಟಲಿಯಲ್ಲೇ ಪಳಗಿಸುವ ಹಳೆಯ ಕಸುಬಿನ ಗುಟ್ಟೂ ಇದೇ. ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡಲು ಕರ್ನಾಟಕದ 1965ರ ಅಬಕಾರಿ ಕಾಯ್ದೆ ಬಿಡುವುದಿಲ್ಲ. ಕಸುಬಿನ ಮರ್ಮ ತಿಳಿಯಲು ಶುಂಠಿಯೇ ಸಾಕು.

ಮೊದಲು ಹೆಪ್ಪು. ಶುಂಠಿಯ ಮಣ್ಣು ತೊಳೆಯಿರಿ, ಸಿಪ್ಪೆ ಮಾತ್ರ ಹೆರೆಯಬೇಡಿ. ನಮಗೆ ಬೇಕಾದ ಯೀಸ್ಟ್ ಇರುವುದು ಅಲ್ಲೇ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಒಂದೊಂದು ಚಮಚ ತುರಿದ ಶುಂಠಿ, ಸಕ್ಕರೆ ಹಾಕಿ ಬಟ್ಟೆ ಕಟ್ಟಿಡಿ. ದಿನವೂ ಅಷ್ಟಷ್ಟೇ ಸೇರಿಸಿ ಕದಡುತ್ತಿದ್ದರೆ ಐದಾರು ದಿನಕ್ಕೆ ನೊರೆಯೆದ್ದು, ದೋಸೆ ಹಿಟ್ಟು ಉಬ್ಬಿದಾಗಿನ ಹುಳಿವಾಸನೆ ಬರುತ್ತದೆ. ಬೂಷ್ಟು ಕಂಡರೆ ಚೆಲ್ಲಿ, ಹೊಸದಾಗಿ ಶುರುಮಾಡಿ.

ಒಂದು ಲೀಟರ್ ನೀರಿಗೆ ಜಜ್ಜಿದ ಶುಂಠಿ, 70 ಗ್ರಾಂ ಸಕ್ಕರೆ ಹಾಕಿ ಕುದಿಸಿ. ಪೂರ್ತಿ ಆರಿದ ಮೇಲೆ ಸೋಸಿ, ನಿಂಬೆರಸ ಹಿಂಡಿ, ಕಾಲು ಲೋಟ ಹೆಪ್ಪಿನ ನೀರು ಬೆರೆಸಿ. ಬಿಸಿಯಲ್ಲಿ ಬೆರೆಸಿದರೆ ಯೀಸ್ಟ್ ಸಾಯುತ್ತದೆ. ತಂಪು ಪಾನೀಯದ ಪ್ಲಾಸ್ಟಿಕ್ ಬಾಟಲಿಗೆ ತುಂಬಿ, ಮೇಲೆ ಮೂರು ಬೆರಳು ಜಾಗ ಬಿಟ್ಟು ಬಿಗಿಯಾಗಿ ಮುಚ್ಚಿ.

ಯೀಸ್ಟ್ ಸಕ್ಕರೆ ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಒಂದು ಗ್ರಾಂ ಸಕ್ಕರೆಗೆ ಹೆಚ್ಚುಕಡಿಮೆ ಅರ್ಧ ಗ್ರಾಂ ಗ್ಯಾಸು. ಬಾಯಿ ತೆರೆದಿದ್ದರೆ ಅದು ಗಾಳಿಗೆ ಹೋಗುತ್ತಿತ್ತು. ಮುಚ್ಚಿದ್ದರಿಂದ ಒತ್ತಡವೇರಿ ನೀರಿನಲ್ಲಿ ಕರಗುತ್ತದೆ. ಬಿಯರ್ ಮಾಡುವವರು ಇದನ್ನು ತಕ್ಕಡಿಯಲ್ಲಿ ಹಿಡಿಯುತ್ತಾರೆ. ಅವರ ಪೀಪಾಯಿಯಲ್ಲಿ ಯೀಸ್ಟ್ ತಿನ್ನಬಲ್ಲ ಸಕ್ಕರೆಯೆಲ್ಲ ಮೊದಲೇ ಮುಗಿದಿರುತ್ತದೆ. ಬಾಟಲಿಗೆ ತುಂಬುವಾಗ ಲೀಟರಿಗೆ ಆರೇಳು ಗ್ರಾಂ ಸಕ್ಕರೆ ಹಾಕಿ ಎರಡು ಮೂರು ವಾರ ಬಿಡುತ್ತಾರೆ. ಅದು ಮುಗಿದರೆ ಗ್ಯಾಸೂ ನಿಂತಿತು.

ನಮ್ಮ ಬಾಟಲಿಯಲ್ಲಿ ಅದರ ಹತ್ತರಷ್ಟು ಸಕ್ಕರೆಯಿದೆ. ಸಿಹಿ ಬೇಕಲ್ಲ! ಹಾಗಾಗಿ ನಿಲ್ಲಿಸುವ ಕೆಲಸ ನಮ್ಮದು. ಬೆಳಿಗ್ಗೆ, ಸಂಜೆ ಬಾಟಲಿಯ ಪಕ್ಕೆ ಒತ್ತಿ ನೋಡಿ. ಮೊದಲ ದಿನ ತಗ್ಗುತ್ತದೆ, ಆಮೇಲೆ ಬಿಗಿಯುತ್ತದೆ. ಹೆಬ್ಬೆರಳಿಗೆ ಕಲ್ಲಿನಂತೆ ತಾಗಿದ ಕೂಡಲೇ ಫ್ರಿಜ್ಜಿಗೆ ಇಡಿ. ಬೇಸಿಗೆಯಲ್ಲಿ ಒಂದೂವರೆ ದಿನಕ್ಕೇ ಆದೀತು, ಚಳಿಗಾಲದಲ್ಲಿ ನಾಲ್ಕೈದು ದಿನ ಹಿಡಿದೀತು; ನಂಬಬೇಕಾದ್ದು ಕ್ಯಾಲೆಂಡರನ್ನಲ್ಲ, ಬೆರಳನ್ನು. ಗಾಜಿನ ಬಾಟಲಿ ಈ ಸುಳಿವು ಕೊಡದೆ ಒಡೆದುಹೋದೀತು. ಹೊಸಬರಿಗೆ ಅದು ಬೇಡ.

ತಂಪು ಎರಡು ಕೆಲಸ ಮಾಡುತ್ತದೆ: ಯೀಸ್ಟನ್ನು ಮಂಕಾಗಿಸುತ್ತದೆ, ಗ್ಯಾಸನ್ನು ನೀರಿಗಿಳಿಸುತ್ತದೆ. 30 ಡಿಗ್ರಿಯ ನೀರಿಗಿಂತ 5 ಡಿಗ್ರಿಯ ನೀರು ಸುಮಾರು ಎರಡು ಪಟ್ಟು ಗ್ಯಾಸು ಹಿಡಿಯುತ್ತದೆ. ಆದ್ದರಿಂದ ಒಂದು ದಿನವಾದರೂ ತಣಿಸಿ, ಮುಚ್ಚಳವನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ. ತಳದ ಬಿಳಿ ಗಸಿ ಯೀಸ್ಟ್. ಅದನ್ನು ಕದಡದೆ ಬಗ್ಗಿಸಿ. ಅಲ್ಪಸ್ವಲ್ಪ ಮದ್ಯಸಾರ ಇದ್ದೇ ಇರುತ್ತದೆ, ಮಕ್ಕಳಿಗೆ ಬೇಡ. ಫ್ರಿಜ್ಜಿನಲ್ಲೂ ಯೀಸ್ಟ್ ಪೂರ್ತಿ ಸುಮ್ಮನಿರುವುದಿಲ್ಲ. ವಾರದೊಳಗೆ ಕುಡಿದು ಮುಗಿಸಿ.