ಅಂಗಳಕ್ಕೆ ಸೆನ್ಸರ್ ದೀಪ: ಉಜಿರೆಯ ಮಳೆಗೆ, ಸೆಕೆಗೆ ಯಾವುದು ಒಗ್ಗೀತು?

ಯಾರಾದರೂ ಹತ್ತಿರ ಬಂದೊಡನೆ ತಾನಾಗಿ ಹತ್ತಿ, ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಆರುವ ಹೊರಾಂಗಣ ದೀಪಕ್ಕೆ ಅಂಗಡಿಗಳಲ್ಲಿ ಸೆನ್ಸರ್ ಲೈಟ್ ಎನ್ನುತ್ತಾರೆ. ಜಾಹೀರಾತುಗಳಲ್ಲಿ ಇದು ಕಳ್ಳರನ್ನು ಬೆದರಿಸುವ ಸಾಧನ. ಉಜಿರೆಯ ಸುತ್ತಿನ ಹಳ್ಳಿಗಳಲ್ಲಿ ಇದರ ದೊಡ್ಡ ಉಪಯೋಗ ಬೇರೆಯೇ ಇದೆ. ಇಲ್ಲಿ ಮನೆಗಳು ತೋಟದ ನಡುವೆ, ಒಂದಕ್ಕೊಂದು ದೂರ. ಬೀದಿದೀಪ ಡಾಮರು ರಸ್ತೆಯಲ್ಲೇ ಮುಗಿಯುತ್ತದೆ. ನಸುಕಿನಲ್ಲಿ ಹಟ್ಟಿಗೆ ಹೋಗಿ ಹಾಲು ಕರೆಯುವವರು, ರಬ್ಬರ್ ಟ್ಯಾಪಿಂಗಿಗೆ ಹೊರಡುವವರು, ಕೋಲವನ್ನೋ ಯಕ್ಷಗಾನವನ್ನೋ ನೋಡಿ ನಡುರಾತ್ರಿ ಮರಳುವವರು, ಹೀಗೆ ಈ ಬೆಳಕಿನಲ್ಲಿ ದಿನವೂ ನಡೆಯುವವರು ಮನೆಮಂದಿಯೇ. ಹಾಗಾಗಿ ಕೊಳ್ಳುವ ಮುನ್ನ ಗುರುತು ಹಾಕಿಕೊಳ್ಳಬೇಕಾದದ್ದು ಅವರು ಕತ್ತಲಲ್ಲಿ ಹೆಜ್ಜೆ ಇಡುವ ದಾರಿಯನ್ನು. ಎಷ್ಟು ವ್ಯಾಟಿನ ದೀಪ ಎಂಬ ಪ್ರಶ್ನೆ ಆಮೇಲಿನದು.

ಮಾರುಕಟ್ಟೆಯಲ್ಲಿ ಹೆಚ್ಚು ಸಿಗುವುದು ಪಿಐಆರ್ ಸೆನ್ಸರ್. ಇದು ತಾನಾಗಿ ಯಾವ ಕಿರಣವನ್ನೂ ಬಿಡುವುದಿಲ್ಲ. ಮೈಯಿಂದ ಹೊಮ್ಮುವ ಶಾಖದ, ಅಂದರೆ ಅವಕೆಂಪು ಕಿರಣಗಳನ್ನು ಗ್ರಹಿಸುತ್ತದೆ. ಮನುಷ್ಯನ ಮೈ ಸೂಸುವ ಈ ಕಿರಣಗಳು 9–10 ಮೈಕ್ರೋಮೀಟರ್ ತರಂಗಾಂತರದ ಆಸುಪಾಸಿನಲ್ಲಿ ಅತಿ ಹೆಚ್ಚು. ಸೆನ್ಸರಿನ ಮುಂದಿರುವ ಹಾಲುಬಣ್ಣದ ಗುಂಡನೆಯ ಪ್ಲಾಸ್ಟಿಕ್ ಬರೀ ಮುಚ್ಚಳವಲ್ಲ, ಅದೊಂದು ಮಸೂರ. ಹತ್ತಿರದಿಂದ ನೋಡಿದರೆ ಅದರಲ್ಲಿ ಸಣ್ಣ ಸಣ್ಣ ಚೌಕಗಳ ಗೆರೆ ಕಾಣುತ್ತದೆ. ಒಂದೊಂದು ಚೌಕವೂ ಅಂಗಳದ ಒಂದೊಂದು ಪಟ್ಟಿಯನ್ನು ಒಳಗಿನ ಗ್ರಾಹಕಕ್ಕೆ ತೋರಿಸುತ್ತದೆ. ಬಿಸಿಯಾದ ಮೈಯೊಂದು ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಉಂಟಾಗುವ ಏರುಪೇರೇ ದೀಪ ಹತ್ತಿಸುವ ಸಂಕೇತ. ಮನೆಗೆ ಪೈಂಟ್ ಬಳಿಯುವಾಗ ಈ ಮಸೂರದ ಮೇಲೂ ಕುಂಚ ಆಡಿಸಿಬಿಟ್ಟರೆ ಸೆನ್ಸರ್ ಕುರುಡಾದಂತೆಯೇ.

ಈ ಕೆಲಸದ ರೀತಿ ಅರ್ಥವಾದರೆ ದೀಪ ಎಲ್ಲಿ ಇರಬೇಕೆಂಬುದೂ ಅರ್ಥವಾಗುತ್ತದೆ. ಸೆನ್ಸರಿನ ಎದುರು ಅಡ್ಡಲಾಗಿ ಹಾಯುವವರನ್ನು ಅದು ಬೇಗ ಹಿಡಿಯುತ್ತದೆ. ನೇರ ಅದರತ್ತಲೇ ನಡೆದು ಬರುವವರನ್ನು ತಡವಾಗಿ. ಗೇಟಿನಿಂದ ಜಗಲಿಗೆ ಬರುವ ದಾರಿಯ ತುದಿಯಲ್ಲಿ, ಬಾಗಿಲ ನೆತ್ತಿಗೇ ದೀಪ ಹಾಕುವುದು ರೂಢಿಯಾದರೂ ಸೆನ್ಸರಿಗೆ ಅದು ಒಳ್ಳೆಯ ಜಾಗವಲ್ಲ. ಮನೆಯ ಮೂಲೆಯಲ್ಲಿ, ನೆಲದಿಂದ 2ರಿಂದ 3 ಮೀಟರ್ ಎತ್ತರದಲ್ಲಿ, ದಾರಿ ಎದುರಿಗೆ ಅಡ್ಡ ಬರುವಂತೆ ಅದನ್ನು ಕೂರಿಸಬೇಕು.

ಡಬ್ಬದ ಮೇಲೆ 12 ಮೀಟರ್ ದೂರ ಎಂದು ಬರೆದಿರುತ್ತದೆ. ಅದರ ಪಕ್ಕದಲ್ಲೇ ಸಣ್ಣಕ್ಷರದಲ್ಲಿ 24 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಎಂಬ ಷರತ್ತೂ ಹಲವು ಡಬ್ಬಗಳಲ್ಲಿ ಇರುತ್ತದೆ. ಕರಾವಳಿಯವರು ಓದಲೇಬೇಕಾದ ಸಾಲು ಅದು. ಸೆನ್ಸರಿಗೆ ಬೇಕಿರುವುದು ಮೈಯ ಬಿಸಿಗೂ ಹಿನ್ನೆಲೆಯ ಬಿಸಿಗೂ ಇರುವ ಅಂತರ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಕತ್ತಲಾದ ಮೇಲೂ ಅಂಗಳದ ಕಾಂಕ್ರೀಟು ಬೆಚ್ಚಗೇ ಇರುತ್ತದೆ. ಅಂತರ ಕುಗ್ಗಿ, ಸೆನ್ಸರಿನ ಕಣ್ಣಳತೆಯೂ ಕುಗ್ಗುತ್ತದೆ. ಮಳೆಗಾಲದ ರಾತ್ರಿ ತಂಪಾದರೂ ಕೊಡೆ, ಮಳೆಕೋಟು, ಒದ್ದೆ ಬಟ್ಟೆ ಮೈಯ ಶಾಖವನ್ನು ಮರೆಮಾಡುತ್ತವೆ. ಆದ್ದರಿಂದ ಡಬ್ಬದ ಲೆಕ್ಕವನ್ನು ಅರ್ಧಕ್ಕೆ ಇಳಿಸಿ, 6 ಮೀಟರ್ ಎಂದೇ ಹಿಡಿದು ದೀಪದ ಜಾಗ ಗೊತ್ತುಮಾಡುವುದು ಕ್ಷೇಮ. ದೊಡ್ಡ ಅಂಗಳಕ್ಕೆ ಒಂದು ಭಾರೀ ದೀಪಕ್ಕಿಂತ ಎರಡು ಸಣ್ಣ ದೀಪಗಳು ಮೇಲು.

ಸುಮ್ಮನೆ ಹತ್ತಿ ಆರುವ ಕಾಟಕ್ಕೂ ಕಾರಣ ಶಾಖವೇ. ಬಚ್ಚಲುಮನೆಯ ಹಂಡೆ ಒಲೆಯಿಂದ ಬಿಸಿಗಾಳಿ ಏಳುವ ಕಡೆಗೆ ಸೆನ್ಸರ್ ಮುಖಮಾಡಿದ್ದರೆ ಸಂಜೆಯಿಡೀ ಇದೇ ಗೋಳು. ಅಡಿಕೆ ಒಣಹಾಕಿದ ಅಂಗಳದಲ್ಲಿ ಹೊದೆಸಿದ ಟಾರ್ಪಾಲು ಗಾಳಿಗೆ ಪಟಪಟಿಸಿದರೆ, ಅದರಡಿಯ ಬಿಸಿನೆಲ ಕಂಡು ಮರೆಯಾಗಿ ಅದೇ ಆಗುತ್ತದೆ. ನಾಯಿ, ಬೆಕ್ಕು, ಹೆದ್ದಾರಿಯಲ್ಲಿ ಹೋಗುವ ವಾಹನಗಳ ಬಿಸಿ ಎಂಜಿನ್, ಎಲ್ಲವೂ ಸೆನ್ಸರಿಗೆ ಒಂದೇ. ಬೇಡದ ದಿಕ್ಕನ್ನು ತೋರಿಸುವ ಮಸೂರದ ಭಾಗಕ್ಕೆ ಒಳಗಿನಿಂದ ಕಪ್ಪು ಟೇಪು ಅಂಟಿಸಿದರೆ ಸಾಕು, ಅತ್ತಣ ಚಲನೆಗೆ ದೀಪ ಸ್ಪಂದಿಸದು.

ಹಾವಿನ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಬಹಳ ಮನೆಗಳಲ್ಲಿ ಈ ದೀಪ ಕೊಳ್ಳುವುದೇ ಆ ಭಯಕ್ಕೆ. ಹಾವು ಶೀತರಕ್ತ ಪ್ರಾಣಿ. ಅದರ ಮೈ ಹೆಚ್ಚುಕಡಿಮೆ ನೆಲದಷ್ಟೇ ಬಿಸಿ ಇರುವುದರಿಂದ ಪಿಐಆರ್ ಸೆನ್ಸರಿಗೆ ಅದು ಕಾಣುವುದಿಲ್ಲ. ಕೊಳಕುಮಂಡಲ ಅಂಗಳ ದಾಟಿ ಹೋದರೂ ದೀಪ ಹತ್ತದು. ದೀಪ ಹತ್ತಬೇಕಾದದ್ದು ಮನುಷ್ಯ ಕಾಲಿಡುವ ಮೊದಲು. ಹಿತ್ತಿಲ ಬಾಗಿಲಿನ ಮೆಟ್ಟಿಲು, ಹಟ್ಟಿಯ ದಾರಿ, ಕಟ್ಟಿಗೆ ಕೊಟ್ಟಿಗೆ, ಹೊರಗಿನ ಶೌಚಾಲಯ, ಇವು ಮೊದಲು. ಗೇಟು, ಕಾರು ನಿಲ್ಲಿಸುವ ಜಾಗ ಆಮೇಲೆ. ದೀಪ ಇದ್ದರೂ ಟಾರ್ಚು ಕೈಯಲ್ಲಿರಬೇಕು. ಚಾರ್ಮಾಡಿ, ನೆರಿಯ, ಶಿಶಿಲದಂಥ ಕಾಡಂಚಿನ ಊರುಗಳಲ್ಲಿ ಆನೆ ಬರುವ ಭಯವಿರುವ ಕಡೆ ಈ ದೀಪ ತಡೆಗೋಡೆಯಾಗಲಾರದು. ದೀಪ ಹತ್ತಿತೆಂದು ಹೊರಗೆ ಹೋಗಿ ನೋಡದೆ ಕಿಟಕಿಯಿಂದಲೇ ನೋಡುವುದು ಒಳಿತು.

ಮೈಕ್ರೋವೇವ್ ಸೆನ್ಸರ್ ಎಂಬ ಇನ್ನೊಂದು ಬಗೆಯಿದೆ. ಅದು ಸಾಮಾನ್ಯವಾಗಿ 5.8 ಗಿಗಾಹರ್ಟ್ಜ್‌ನ ಅಲೆಗಳನ್ನು ಬಿಟ್ಟು, ಚಲಿಸುವ ವಸ್ತುವಿನಿಂದ ಮರಳುವ ಅಲೆಯ ವ್ಯತ್ಯಾಸ ನೋಡುತ್ತದೆ. ಸೆಕೆ ಅದನ್ನು ಬಾಧಿಸದು. ಆದರೆ ಬಾಳೆ ಎಲೆ ಅಲುಗಿದರೂ ಅದು ಹತ್ತುತ್ತದೆ, ಸುರಿಯುವ ಮಳೆಗೂ ಹತ್ತಬಹುದು, ತೆಳು ಗೋಡೆಯ ಆಚೆಗಿನ ಓಡಾಟಕ್ಕೂ ಹತ್ತೀತು. ತೋಟದ ನಡುವಿನ ಅಂಗಳಕ್ಕೆ ಅದು ಬೇಡ; ಕಾರಿಡಾರು, ಮುಚ್ಚಿದ ಗ್ಯಾರೇಜಿಗೆ ಸರಿ.

ಬೆಳಕಿನ ಪ್ರಮಾಣ ವ್ಯಾಟಿನಲ್ಲಿಲ್ಲ, ಲ್ಯೂಮೆನ್‌ನಲ್ಲಿದೆ. 10 ವ್ಯಾಟಿನ ಉತ್ತಮ ಎಲ್ಇಡಿ ಸುಮಾರು 1000 ಲ್ಯೂಮೆನ್ ಕೊಡುತ್ತದೆ; ಹಿತ್ತಿಲ ದಾರಿಗೆ ಅಷ್ಟು ಧಾರಾಳ. ಅಂಗಳಕ್ಕೆ 20 ವ್ಯಾಟ್ ಸಾಕು. 50 ವ್ಯಾಟಿನ ಫ್ಲಡ್‌ಲೈಟ್ ಥಟ್ಟನೆ ಹತ್ತಿದರೆ ಕತ್ತಲಿಗೆ ಹೊಂದಿಕೊಂಡ ಕಣ್ಣು ಕೋರೈಸಿ, ಬೆಳಕಿನಾಚೆಗಿನ ನೆರಳು ಇನ್ನಷ್ಟು ಕಪ್ಪಾಗುತ್ತದೆ. ಬಣ್ಣದಲ್ಲಿ 6500 ಕೆಲ್ವಿನ್‌ನ ಬಿಳಿಗಿಂತ 3000 ಕೆಲ್ವಿನ್‌ನ ಹಳದಿ ಛಾಯೆ ಉತ್ತಮ. ನೀಲಿ ಹೆಚ್ಚಿರುವ ಬಿಳಿ ಬೆಳಕಿಗೆ ಹುಳುಗಳು ಹೆಚ್ಚು ಮುತ್ತುತ್ತವೆ. ಹುಳು ಹಿಡಿಯಲು ಕಪ್ಪೆ ಬರುತ್ತದೆ, ಕಪ್ಪೆಯ ಬೆನ್ನಿಗೆ ಹಾವು. ಇಡೀ ರಾತ್ರಿ ಉರಿಯುವ ದೀಪಕ್ಕಿಂತ ಸೆನ್ಸರ್ ದೀಪ ಮೇಲೆನ್ನಲು ಇದೊಂದೇ ಕಾರಣ ಸಾಕು. ಮುಂಗಾರಿನ ಹೊಸ್ತಿಲಲ್ಲಿ ಮರಗಳ ತುಂಬ ಮಿನುಗುವ ಮಿಂಚುಹುಳಗಳಿಗೂ ಕತ್ತಲೆ ಬೇಕು. ದೀಪದ ಮುಖ ನೆಲಕ್ಕಿರಲಿ, ತೋಟದ ಕಡೆಗೆ ಬೇಡ.

ಕರೆಂಟಿನ ಲೆಕ್ಕವೂ ಇದನ್ನೇ ಹೇಳುತ್ತದೆ. 20 ವ್ಯಾಟಿನ ದೀಪ ದಿನಕ್ಕೆ 12 ಗಂಟೆ ಉರಿದರೆ ತಿಂಗಳಿಗೆ 7.2 ಯೂನಿಟ್. ಸೆನ್ಸರಿನಿಂದ ದಿನಕ್ಕೆ ಒಂದು ಗಂಟೆ ಉರಿದರೆ 0.6 ಯೂನಿಟ್, ಸೆನ್ಸರಿನ ಸ್ವಂತ ಖರ್ಚು ಸೇರಿಸಿದರೂ ಸುಮಾರು 1 ಯೂನಿಟ್. ಮಳೆಗಾಲದಲ್ಲಿ ಮೆಸ್ಕಾಂ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋದ ರಾತ್ರಿಯೇ ಈ ದೀಪ ಹೆಚ್ಚು ಬೇಕಾಗುವುದು. ಹಾಗಾಗಿ ಅದನ್ನು ಇನ್ವರ್ಟರ್ ಲೈನಿಗೆ ಸೇರಿಸಬೇಕು. ಸೋಲಾರ್ ಸೆನ್ಸರ್ ದೀಪಕ್ಕೆ ವಯರಿಂಗಿನ ರಗಳೆ ಇಲ್ಲ ನಿಜ, ಆದರೆ ಅಡಿಕೆ ಮರಗಳ ನೆರಳಿನಲ್ಲಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮೋಡದಲ್ಲಿ ಅದರ ಬ್ಯಾಟರಿ ತುಂಬುವುದೇ ಕಷ್ಟ. ವಯರ್ ಎಳೆಯಲಾಗದ ಪಂಪ್‌ಶೆಡ್ಡಿಗೆ, ದೂರದ ಗೇಟಿಗೆ ಮಾತ್ರ ಅದು ಸೈ; ಅಲ್ಲಿಯೂ ಪ್ಯಾನೆಲ್ ಬೇರೆಯಾಗಿದ್ದು ಬಿಸಿಲಿರುವ ಕಡೆ ಇಡಬಹುದಾದದ್ದನ್ನೇ ಆರಿಸಬೇಕು.

ಘಟ್ಟದ ಬುಡದ ಈ ತಾಲೂಕಿನಲ್ಲಿ ವರ್ಷಕ್ಕೆ 4000 ಮಿಲಿಮೀಟರಿನಷ್ಟು ಮಳೆ, ಅದೂ ಗಾಳಿಯೊಡನೆ ಓರೆಯಾಗಿ. ದೀಪದ ಐಪಿ ಅಂಕೆ ಧೂಳು, ನೀರಿನಿಂದ ಅದಕ್ಕಿರುವ ರಕ್ಷಣೆಯ ಗುರುತು. ಐಪಿ 44 ಎಂದರೆ ಸಿಡಿಯುವ ಹನಿಗಷ್ಟೇ ರಕ್ಷಣೆ. ಐಪಿ 65 ಧೂಳನ್ನೂ ರಭಸದ ನೀರನ್ನೂ ತಡೆಯುತ್ತದೆ. ಇಲ್ಲಿಗೆ ಐಪಿ 65ಕ್ಕಿಂತ ಕಡಿಮೆಯದು ಬೇಡ, ಮಾಡಿನ ಇಳಿಜಾರಿನಡಿ ಹಾಕಿದರೂ. ವಯರ್ ಕೆಳಗಿನಿಂದ ಒಳಹೋಗಬೇಕು, ಇಲ್ಲದಿದ್ದರೆ ನೀರು ವಯರಿನ ಗುಂಟ ಇಳಿದು ಒಳಸೇರುತ್ತದೆ. ಸಿಡಿಲು ಹೆಚ್ಚಿರುವ ಊರಾದ್ದರಿಂದ ಸರ್ಜ್ ರಕ್ಷಣೆಯಿರುವ ದೀಪ, ಸರಿಯಾದ ಅರ್ತಿಂಗ್, ಕರೆಂಟು ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲೇಬೇಕು. ಒದ್ದೆ ಗೋಡೆಯ ಮೇಲಿನ ವಯರಿಂಗನ್ನು ಪರವಾನಗಿ ಇರುವ ಎಲೆಕ್ಟ್ರಿಶಿಯನ್ನರಿಂದಲೇ ಮಾಡಿಸಬೇಕು. ಇದರಲ್ಲಿ ಉಳಿತಾಯ ಮಾಡುವುದು ತಪ್ಪು.

ಸೆನ್ಸರಿನ ಕೆಳಗೆ ಸಾಮಾನ್ಯವಾಗಿ ಮೂರು ತಿರುಪುಗಳಿರುತ್ತವೆ: ದೀಪ ಎಷ್ಟು ಹೊತ್ತು ಉರಿಯಬೇಕು, ಎಷ್ಟು ಕತ್ತಲಾದ ಮೇಲೆ ಕೆಲಸ ಶುರುಮಾಡಬೇಕು, ಎಷ್ಟು ಸೂಕ್ಷ್ಮವಾಗಿರಬೇಕು. ಮೊದಲು ಹೊತ್ತನ್ನು ಅತಿ ಕಡಿಮೆಗೆ, ಕತ್ತಲಿನದನ್ನು ಸೂರ್ಯನ ಗುರುತಿಗೆ ತಿರುಗಿಸಿ ಹಗಲಲ್ಲೇ ನಡೆದು ಪರೀಕ್ಷಿಸಬೇಕು. ದಾರಿ ಹೊಂದಿದ ಮೇಲೆ ಹೊತ್ತನ್ನು ಎರಡು ಮೂರು ನಿಮಿಷಕ್ಕೆ, ಕತ್ತಲಿನದನ್ನು ಚಂದ್ರನ ಗುರುತಿನತ್ತ ಸರಿಸಬೇಕು. ಮಸೂರದ ಮೇಲೆ ಹಲ್ಲಿ ಕೂತು, ಜೇಡ ಬಲೆ ನೇಯ್ದು ತೊಂದರೆ ಕೊಡುವುದುಂಟು. ಮೇ ಕೊನೆಗೊಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಸ್ವಿಚ್ ಆರಿಸಿ ಮೆತ್ತನೆಯ ಬಟ್ಟೆಯಿಂದ ಒರೆಸಿ, ಮತ್ತೆ ಒಂದು ಸುತ್ತು ನಡೆದು ನೋಡಿ.